ಅರಿಷಿಣ-ಕುಂಕುಮದ ಹೊಲ

ಚಿಕ್ಕೇರೂರು
ತಾ. ೩-೯-೧೯೬೧

ಚಿ. ತಮ್ಮ ಹೂವಪ್ಪನಿಗೆ,

ನಿನ್ನ ಅಕ್ಕ ಮಾದೇವಿಯ ಆಶೀರ್ವಾದಗಳು. ನಾವಿಲ್ಲಿ ನೆಟ್ಟಗಿದ್ದೇವೆ. ಬಂಕಾಪುರದಲ್ಲಿ ನೀನು, ನಿನ್ನ ಹೆಂಡತಿ, ಮಕ್ಕಳು ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಲಕೋಟೆ ಬಂದು ಒಂದೂವರೆ ತಿಂಗಳಾಯಿತು, ಉತ್ತರ ಬರೆಯಲಿಲ್ಲ. ಪಂಚಮಿಗೆ ಕರೆಯಲು ಬರುತ್ತೇನೆಂದು ಬರೆದಾಗ, ಎಮ್ಮೆ ಈದಿದೆ, ಬರಬೇಡ ಎಂದು ಕಾರ್ಡು ಹಾಕಿದೆ. ಎಮ್ಮೆ ಈದದ್ದು ಸುಳ್ಳಲ್ಲ. ಆದರೆ ಅದು ಈಯದಿದ್ದರೂ ನಾನು ಬರುತ್ತಿರಲಿಲ್ಲ. ಮದುವೆಯಾದ ಮೇಲೆ ಪಂಚಮಿಯ ಉಂಡಿಯನ್ನು ತವರಿನಲ್ಲಿ ತಿನ್ನದೆ ಇದ್ದದ್ದು ಇದೇ ಮೊದಲು.

ನಿನ್ನ ಲಕೋಟೆಗಿಂತ ಎಂಟು ದಿನ ಮೊದಲೇ ನನಗೆ ಸುದ್ದಿ ಮುಟ್ಟಿತ್ತು. ಹುಲಗೂರಿನ ಬಳೆಗಾರ ಮಲ್ಲಿಕಸಾಬ ಸಂತೆಗಳನ್ನು ಸುತ್ತುತ್ತ ಇತ್ತ ಬಂದಿದ್ದ. ಕಟ್ಟೆಯ ಮೇಲೆ ಕುಳಿತು ಬಳೆ ಇಡಿಸಿಕೊಳ್ಳುತ್ತಿದ್ದೆ. ನಿನ್ನನ್ನು ಹೊಗಳಿದ್ದೇ ಹೊಗಳಿದ್ದು. ಕಾಲೇಜು ಕಟ್ಟುವ ಸಭೆಯಲ್ಲಿ ನೀನು ಎದ್ದು ನಿಂತು ಎರಡು ಎಕರೆ ಹೊಲ ಕೊಟ್ಟೆಯಂತೆ, ಜನ ಚಪ್ಪಾಳೆ ತಟ್ಟಿದರಂತೆ, ಕಮಿಟಿಯ ಹಿರಿಯರು ಕೊರಳಿಗೆ ಹಾರ ಹಾಕಿದರಂತೆ. ನನಗೂ ಹೆಮ್ಮೆಯಾಯಿತು. ಯಾವ ಹೊಲ ಎಂದು ಕೇಳಿದೆ. ದಾರಿಗೆ ಹತ್ತಿದ್ದು, ಹುಣಸೆಮರದ್ದು ಅಂದ. ಅರ್ಧ ಏರಿದ ಬಳೆ ಒಡೆದು ಕೈಯಲ್ಲಿ ರಕ್ತ ಬಂತು. ಪಾಪ, ಆತ ತನ್ನದೇ ತಪ್ಪೆಂದು ಪೇಚಾಡಿ ಆ ಬಳೆಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಅದು ನನ್ನ ಹೊಲ ತಮ್ಮಾ. ಅಪ್ಪ ನನ್ನ ಮದುವೆಯಲ್ಲಿ ಅರಿಷಿಣ-ಕುಂಕುಮಕ್ಕೆಂದು ಕೊಟ್ಟದ್ದು. ಕೊಟ್ಟು ಸುಮ್ಮನಿರಲಿಲ್ಲ, ಚಾವಡಿಗೆ ಹೋಗಿ ಹೊಲದ ಉತಾರದಲ್ಲಿ ನನ್ನ ಹೆಸರು ಏರಿಸಿಯೇ ಬಂದ. ಇಷ್ಟು ವರ್ಷ ನೀನೇ ಉತ್ತು ಬಿತ್ತಿ ನನ್ನ ಪಾಲಿನ ಜೋಳ ಕಳಿಸಿದ್ದೀ, ಒಂದು ವರ್ಷವೂ ತಪ್ಪಿಸಿಲ್ಲ, ಇಲ್ಲವೆನ್ನುವುದಿಲ್ಲ. ಹಾಗೆ ಉತ್ತು ಉತ್ತೇ ನಿನ್ನದೆಂದು ಅನಿಸಿರಬೇಕು. ಆದರೆ ಬದುವಿನ ಆಚೆ ನಿನ್ನ ಹೊಲವೂ ದಾರಿಗೇ ಹತ್ತಿದೆಯಲ್ಲ? ಸಭೆಯಲ್ಲಿ ಎದ್ದು ನಿಂತಾಗ ಅದು ಹೇಗೆ ಮರೆತುಹೋಯಿತು?

ನಮ್ಮ ಮನೆಯವರಿಗೆ ಸುದ್ದಿ ತಿಳಿದಾಗ ಊಟದ ಮುಂದಿಂದ ಎದ್ದುಬಿಟ್ಟರು. ಕೊಡುವುದಾದರೆ ತನ್ನದು ಕೊಡಬೇಕಿತ್ತು, ಆ ಹೊಲ ನಮ್ಮ ಮಗಳು ತಿಪ್ಪವ್ವನ ಮದುವೆಗೆ ಆಗುತ್ತಿತ್ತು, ಯಾವುದಾದರೂ ಕಾಗದಕ್ಕೆ ಕೈ ಹಚ್ಚಿದರೆ ನೋಡು ಎಂದರು. ಲಕೋಟೆ ಬಂದ ಮೇಲೆ, ನೀನು ಅದರೊಳಗಿಟ್ಟು ಕಳಿಸಿದ್ದ ಹೊಲ ಕೊಡುವ ಸಮ್ಮತಿಪತ್ರವನ್ನು ಮಡಚಿ ಸೀರೆಯ ಪೆಟ್ಟಿಗೆಯಲ್ಲಿಟ್ಟೆ. ಹರಿದು ಒಲೆಗೆ ಹಾಕಬೇಕೆಂದು ಎರಡು ಸಲ ತೆಗೆದದ್ದೂ ಉಂಟು.

ಅಷ್ಟರಲ್ಲಿ ಕಾಲೇಜಿನ ವಂತಿಗೆಯವರು ನಮ್ಮೂರಿಗೂ ಬಂದರು. ನಿಮ್ಮ ಕಮಿಟಿಯವರೇ, ಮೂರು ಮಂದಿ. ನಮ್ಮಲ್ಲಿ ರೊಕ್ಕ ಕೊಡುವವರು ಕಡಿಮೆ. ಒಬ್ಬರು ಕಲ್ಲು ಹೇರಲು ಎಂಟು ದಿನ ಗಾಡಿ ಕೊಡುತ್ತೇನೆಂದರು. ಗೌಂಡಿ ಹಯಾತ ಹದಿನೈದು ದಿನ ಕೂಲಿಯಿಲ್ಲದೆ ಗೋಡೆ ಕಟ್ಟಿಕೊಡುತ್ತಾನಂತೆ. ಹೆಂಗಸರು ಹಿಡಿಜೋಳ ಕೊಟ್ಟೆವು. ದಿನಾ ಬೀಸುವುದಕ್ಕೆ ಮುಂಚೆ ಒಂದು ಹಿಡಿ ಜೋಳ ತೆಗೆದು ಬೇರೆ ಗಡಿಗೆಗೆ ಹಾಕುತ್ತ ಬಂದಿದ್ದೆವು, ಯುಗಾದಿಯಿಂದ. ಅದನ್ನೆಲ್ಲ ತಂದು ಗುಡಿಯ ಮುಂದೆ ಸುರಿದರೆ ನಾಲ್ಕು ಚೀಲಕ್ಕೂ ಮಿಕ್ಕಿತು.

ಬರೆದುಕೊಳ್ಳುವವರು ಮಾತ್ರ ಪ್ರತಿ ಹೆಂಗಸಿಗೂ ಗಂಡನ ಹೆಸರು ಕೇಳಿ ಅದನ್ನೇ ಬರೆದುಕೊಂಡರು. ಓಣಿಯ ಕೊನೆಯ ಮನೆಯ ಅಡಿವೆವ್ವನ ಗಂಡ ದ್ಯಾಮಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವಳ ಜೋಳಕ್ಕೂ ‘ಕೈಲಾಸವಾಸಿ ದ್ಯಾಮಪ್ಪ’ ಎಂದು ಬರೆದರು. ಅವಳು ಸೆರಗು ಸರಿಮಾಡಿಕೊಂಡು ಕೇಳಿದಳು:

“ಸತ್ತಾಂವಾ ಹೆಂಗ ಜ್ವಾಳಾ ಎತ್ತಿಟ್ಟಾನ್ರೀ ಸಾಹೇಬ್ರ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಕೊಟ್ಟವಳ ಹೆಸರು ಎಲ್ಲಿಯೂ ಇಲ್ಲ, ಆದರೂ ಯಾವ ಹೆಂಗಸೂ ತನ್ನ ಜೋಳ ವಾಪಸು ಕೇಳಲಿಲ್ಲ. ಕಾಲೇಜು ಆಗಲಿ ಎಂಬುದು ಎಲ್ಲರ ಮನಸ್ಸಿನಲ್ಲೂ ಇತ್ತು. ನನ್ನ ಮನಸ್ಸಿನಲ್ಲೂ ಇತ್ತು, ಮುಚ್ಚಿಡುವುದೇಕೆ. ನೀನು ಒಂದು ಮಾತು ಕೇಳಿದ್ದರೆ ಅಂದೇ ಹೂಂ ಎನ್ನುತ್ತಿದ್ದೆ.

ನಮ್ಮ ತಿಪ್ಪವ್ವ ಈ ವರ್ಷ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುತ್ತಾಳೆ. ಮುಂದೆ ಸಾಕು ಎಂದು ಅವಳಪ್ಪ ಆಗಲೇ ಗಂಡು ನೋಡುವ ಮಾತು ತೆಗೆದಿದ್ದರು. ಹೋದ ವಾರ ಅವರು ಎತ್ತಿಗೆ ಹೊಟ್ಟು ಹಾಕುತ್ತಿದ್ದಾಗ ಹತ್ತಿರ ಹೋಗಿ ನಿಂತು ಹೇಳಿದೆ: “ಹೊಲಾ ನಂದು. ಮಗಳ ಮದುವಿಗಿ ಅಲ್ಲ, ಮಗಳ ಓದಿಗಿ ಕೊಡ್ತೇನಿ. ಆಕಿ ಓದೂದಿಲ್ಲಂದ್ರ ಕಾಲೇಜಿಗೂ ಕೊಡೂದಿಲ್ಲ, ಮದುವಿಗೂ ಕೊಡೂದಿಲ್ಲ, ಬೀಳ ಬಿಡ್ತೇನಿ.”

ಅವರ ಎದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅದಾದ ಮೂರನೆಯ ದಿನ ನಾನು ಬುತ್ತಿ ಕಟ್ಟುವಾಗ ನನ್ನ ಮುಖ ನೋಡದೆಯೇ ಅಂದರು: “ನಿನ್ನ ತಮ್ಮ ತನ್ನ ಮನ್ಯಾಗ ಇಟಗೊಂಡು ಓದಸ್ತಾನೇನ ಕೇಳು. ಇಟಗೊಂಡ್ರ ನಂದೇನ ತಕರಾರಿಲ್ಲ.”

ಅದಕ್ಕೇ ಈ ಪತ್ರ. ಸಮ್ಮತಿಪತ್ರ ಇದರೊಳಗೇ ಇದೆ. ಹೊಲ ಕಾಲೇಜಿಗೆ ಹೋಗಲಿ. ಜೂನ್ ತಿಂಗಳಲ್ಲಿ ತಿಪ್ಪವ್ವ ನಿನ್ನ ಮನೆಗೆ ಬಂದು ಹೈಸ್ಕೂಲಿಗೆ ಹೋಗುತ್ತಾಳೆ, ಆಮೇಲೆ ಅದೇ ಕಾಲೇಜಿಗೆ. ಅವಳ ಜೋಳ, ಬೇಳೆ, ತುಪ್ಪ ಇಲ್ಲಿಂದ ಬರುತ್ತದೆ. ಮನೆಗೆಲಸಕ್ಕೆ ಹಚ್ಚಿ ಓದು ಕೆಡಿಸಬೇಡವೆಂದು ನಿನ್ನ ಹೆಂಡತಿಗೆ ಸಮಾಧಾನದಿಂದ ಹೇಳು. ಹುಡುಗಿಗೆ ನಿದ್ದೆ ಹೆಚ್ಚು, ಬೆಳಿಗ್ಗೆ ಎಬ್ಬಿಸಬೇಕಾಗುತ್ತದೆ.

ನಿನಗೂ ನಿನ್ನ ಮಕ್ಕಳಿಗೂ ದೇವರು ಆಯುಷ್ಯ ಕೊಡಲಿ. ನೀವು ಕಟ್ಟುತ್ತಿರುವ ಕಾಲೇಜಿನ ಗೋಡೆ ಬೇಗ ಮೇಲೇಳಲಿ.

ಇಂತಿ ನಿನ್ನ ಅಕ್ಕ,
ಮಾದೇವಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ತಡೆಯುವುದಿಲ್ಲ. ಸಮ್ಮತಿಪತ್ರದ ಕೆಳಗೆ ನನ್ನ ಹೆಸರಿನ ಎದುರು ‘ಇವಳ ಎಡಗೈ ಹೆಬ್ಬೆಟ್ಟಿನ ನಿಶಾನಿ’ ಎಂದು ಮೊದಲೇ ಬರೆದಿತ್ತು. ಯಾರೋ ಕಾರಕೂನ, ಹಳ್ಳಿಯ ಹೆಂಗಸಲ್ಲವೇ ಎಂದು ಬರೆದಿರಬೇಕೆಂದು ಸುಮ್ಮನಾದೆ. ಆಮೇಲೆ ಅಕ್ಷರ ನೋಡಿದೆ. ನಿನ್ನದೇ ಅಕ್ಷರ ತಮ್ಮಾ. ನೀನು ನಾಲ್ಕು ವರ್ಷದವನಿದ್ದಾಗ ಹಿತ್ತಲಿನ ಉಸುಕಿನಲ್ಲಿ ಬೆರಳು ಹಿಡಿದು ತಿದ್ದಿಸಿದವಳು ನಾನು. ಮುಲ್ಕಿ ಪಾಸಾದ ವರ್ಷವೇ ಅಪ್ಪ ನನ್ನ ಮದುವೆ ಮಾಡಿದಾಗ, ಹೋಗಲಿ, ತಮ್ಮನಾದರೂ ಓದುತ್ತಾನೆ ಎಂದು ನುಂಗಿಕೊಂಡೆ. ಅಂದಿನಿಂದ ತಿಂಗಳಿಗೊಂದು ಪತ್ರ ನಿನಗೆ ನನ್ನ ಕೈಯಾರೆ ಬರೆದಿದ್ದೇನೆ. ದೊಡ್ಡವರ ನಡುವೆ ಕುಳಿತು ಆ ಸಾಲು ಬರೆಯುವಾಗ ಅವುಗಳಲ್ಲಿ ಒಂದೂ ನಿನಗೆ ನೆನಪಾಗಲಿಲ್ಲವೇ? ಹೊಲ ಹೋದದ್ದಕ್ಕೆ ನಾನು ಅಳಲಿಲ್ಲ. ಆ ಸಾಲು ಓದಿ ಅತ್ತೆ. ಅದನ್ನು ಕಾಟು ಹೊಡೆದು ಸಹಿ ಮಾಡಿದ್ದೇನೆ. ಕಾಟು ಯಾಕೆಂದು ಕಮಿಟಿಯವರು ಕೇಳಿದರೆ, ನನಗೆ ಅಕ್ಷರ ಕಲಿಸಿದವಳು ನಮ್ಮಕ್ಕ ಎಂದು ಎಲ್ಲರಿಗೂ ಕೇಳುವಂತೆ ಹೇಳು. ಅಷ್ಟು ಹೇಳಲು ನಿನ್ನಿಂದ ಆಗದಿದ್ದರೆ ತಿಪ್ಪವ್ವನನ್ನು ನಿನ್ನ ಮನೆಗೆ ಕಳಿಸುವುದಿಲ್ಲ. ಬೇರೆ ಎಲ್ಲಾದರೂ ಇಟ್ಟು ಓದಿಸುತ್ತೇನೆ. ಓದಿಸುವುದಂತೂ ಓದಿಸುತ್ತೇನೆ.