ಯಂತ್ರದ ಹೆಂಡತಿ, ಎರಡನೇ ಭಾಗ

ಹರಪನಹಳ್ಳಿ
14-3-1983

ಕೊಟ್ಟೂರಿನಲ್ಲಿ ಒಬ್ಬರೇ ಬೇಯಿಸಿಕೊಂಡು ಉಣ್ಣುತ್ತಿರುವ ನನ್ನ ಯಜಮಾನರಿಗೆ, ತವರಿನಲ್ಲಿ ಕುಳಿತ ಹೆಂಡತಿಯ ನಮಸ್ಕಾರಗಳು.

ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಈ ಸುದ್ದಿ ನಿಮಗೆ ಹೇಳದೆ ಇರಲಾಗಲಿಲ್ಲ. ಯಂತ್ರದ ಮನುಷ್ಯರ ಆ ತೆಲುಗು ಸಿನಿಮಾದ ಎರಡನೇ ಭಾಗ ಇಲ್ಲಿನ ಟೆಂಟಿಗೆ ಬಂದಿದೆ! ನಾನು ನೋಡಿಯೂ ಆಯಿತು.

ಮೊದಲನೇ ಭಾಗ ನೀವು ಮರೆತಿರಲಿಕ್ಕಿಲ್ಲ. ವಿಜ್ಞಾನಿ ತಾನೇ ಯಂತ್ರದಿಂದ ಮಾಡಿಕೊಂಡ ಹೆಂಡತಿ ಹಗಲೂ ರಾತ್ರಿ ದುಡಿದರೂ ಎದುರು ಮಾತಾಡಲಿಲ್ಲ. ಆಗ ನೀವು ಗಂಡಸರ ಕಡೆಯಿಂದ ಎದ್ದು, ನಡುವೆ ಕಟ್ಟಿದ ಬಟ್ಟೆಯ ಮೇಲಿಂದ ನನ್ನನ್ನೇ ನೋಡಿ, "ಕಟ್ಕೊಂಡ್ರ ಇಂಥಾಕಿನ್ನ ಕಟ್ಕೋಬೇಕ ನೋಡು" ಅಂದಿರಿ. ಟೆಂಟೆಲ್ಲ ನಕ್ಕಿತು. ಆಡಿಕೊಳ್ಳುವವರ ಮುಂದೆ ಜಾರಿಬಿದ್ದ ಹಾಗಾಯಿತು ನನಗೆ. ಮರುದಿನ ಬಸ್ಸು ಹತ್ತಿದೆ.

ಈಗ ಕೇಳಿ. ಎರಡನೇ ಭಾಗದಲ್ಲಿ ಅವನು ಕೈತೊಳೆಯಲು ನೀರು ಕೇಳುತ್ತಾನೆ. ಅವಳು ಏಳುವುದೇ ಇಲ್ಲ! ಎಲ್ಲೋ ತಿರುಪು ಸಡಿಲಾಗಿರಬೇಕೆಂದು ಅವನು ಪಾನಾ ಹಿಡಿದು ಬರುತ್ತಾನೆ. ಆಗ ಅವಳು ಬಾಯಿ ಬಿಡುತ್ತಾಳೆ. ನಮ್ಮ ಮಾತಿನಲ್ಲಿ ಹೇಳಿದರೆ ಇಷ್ಟು: "ನಾ ಕೆಟ್ಟಿಲ್ಲ, ದಣದೀನಿ. ದಣದಿಯೇನು ಅಂತ ಒಂದ್ಸಲ ಕೇಳು, ಏಳ್ತೀನಿ." ಹೆಂಗಸರ ಕಡೆಯ ಚಪ್ಪಾಳೆ ನೀವು ಕೇಳಬೇಕಿತ್ತು. ನಮ್ಮವ್ವ ಶಿಳ್ಳೆ ಹಾಕಲು ಹೋಗಿ ಬಾಯಲ್ಲಿದ್ದ ಎಲೆಯಡಿಕೆಯೆಲ್ಲ ಮುಂದಿನವಳ ಸೆರಗಿಗೆ ಬಿತ್ತು.

ಮಿಲ್ಲಿನಲ್ಲಿ ಹತ್ತಿ ಬಿಡಿಸುವ ಯಂತ್ರದ ಸದ್ದು ಚೂರು ಬದಲಾದರೂ ಎಣ್ಣೆ ಹಿಡಿದು ಓಡುವವರು ನೀವು. ಮನೆಯಲ್ಲಿ ನನ್ನ ಸದ್ದು ನಿಂತೇ ಹೋಗಿತ್ತು. ನಿಮಗೆ ಕೇಳಿಸಲಿಲ್ಲ. ನನಗೆ ಬಹಳ ನೋವಾಗಿದೆ.

ಶುಕ್ರವಾರ ಮೊದಲನೇ ಆಟಕ್ಕೆ ಬನ್ನಿ. ಅವಳು ಆ ಮಾತು ಹೇಳುವಾಗ ನಾನು ಬಟ್ಟೆಯ ಮೇಲಿಂದ ನಿಮ್ಮ ಮುಖ ನೋಡುತ್ತೇನೆ. ನಕ್ಕರೆ ಒಬ್ಬರೇ ಹಿಂದಕ್ಕೆ ಹೋಗಿ. ನಗದಿದ್ದರೆ ಬೆಳಗಿನ ಬಸ್ಸಿಗೆ ಇಬ್ಬರೂ ಹೋಗೋಣ.

ಇಂತಿ,
ಸ್ವಂತ ಬಾಯಿರುವ ನಿಮ್ಮ ಹೆಂಡತಿ
ಪಂಪಮ್ಮ

ವಿ.ಸೂ.: ಇದನ್ನು ಓದಿ ಹೇಳಿದರೆ ಅವ್ವ ಬೈಯುತ್ತಿದ್ದಾಳೆ, ತಾನು ಯಾವಾಗ ಶಿಳ್ಳೆ ಹಾಕಿದೆ ಎಂದು. ನಿಜ ಹೇಳುತ್ತೇನೆ. ಸಿನಿಮಾ ಶುರುವಾಗುವುದೇ ಶುಕ್ರವಾರ. ನಾನು ನೋಡಿದ್ದು ಗೋಡೆಯ ಮೇಲಿನ ಪೋಸ್ಟರ್ ಮಾತ್ರ. ಅದರಲ್ಲಿ ಅವಳು ಬಾಯಿ ತೆರೆದು ನಿಂತಿದ್ದಾಳೆ, ಮಾತು ನನ್ನದು. ಅವಳು ಅಲ್ಲಿ ಏನೇ ಹೇಳಲಿ, ನೀವು ಮಾತ್ರ ನನ್ನ ಕಡೆ ತಿರುಗಿ, ದಣಿದಿದ್ದೀಯಾ ಎಂದು ಒಂದು ಸಲ ಕೇಳಿ.