ಹೆಬ್ಬೆಟ್ಟಿನ ಸೈ

ವರ್ಕ್‌ಶಾಪಿನ ಹಿಂದಿನ ಮನೆ,
ತಾ. ೧೪, ಮಂಗಳವಾರ, ಊಟವಾದ ಮೇಲೆ

ಪ್ರೀತಿಯ ಬೈರಿಗೆ,

ಹೇಗಿದ್ದೀಯ ಮಗಳೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಇಲ್ಲಿದ್ದಾಗಿನ ಹಾಗೆ ಒಂದು ಕೈಯಲ್ಲಿ ತುತ್ತು ಇನ್ನೊಂದು ಕೈಯಲ್ಲಿ ಪೆನ್ಸಿಲ್ಲೋ? ಬೆನ್ನುನೋವು ಕಡಿಮೆಯಾಯಿತೇ? ನನ್ನ ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಈ ಮನೆಯಲ್ಲಿ ನನ್ನ ಮಾತು ಯಾರು ಕೇಳಿದ್ದಾರೆ, ಪಾಪ ಅದೊಂದನ್ನೇ ಏಕೆ ಬೈಯಲಿ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಾಲ್ಕನೇ ಕ್ಲಾಸಿಗೇ ನನ್ನನ್ನು ಶಾಲೆ ಬಿಡಿಸಿದರು, ಇನ್ನೊಂದು ವರ್ಷ ಇದ್ದಿದ್ದರೆ ಮೇಷ್ಟ್ರೇ ಬಿಟ್ಟು ಹೋಗುತ್ತಿದ್ದರು. ಬೈರಿಗೆ ಎಂದು ಕರೆದರೆ ಈಗ ನಿನಗೆ ಸಿಟ್ಟು ಬರುತ್ತದೋ ಏನೋ. ಐದು ವರ್ಷದವಳಿದ್ದಾಗ ಅಪ್ಪನ ಬೈರಿಗೆ ಕದ್ದು ನಾನು ಕೂರುವ ಮಣೆಗೆ ಏಳು ತೂತು ಕೊರೆದವಳನ್ನು ಮತ್ತೇನೆಂದು ಕರೆಯಲಿ?

ನಿನ್ನ ಅಪ್ಪ ಉಣ್ಣುತ್ತಾನೆ, ಮಲಗುತ್ತಾನೆ, ಏಳುತ್ತಾನೆ. ಅಷ್ಟೇ. ವರ್ಕ್‌ಶಾಪಿನ ಬಾಗಿಲು ಹಾಕಿ ಎರಡು ತಿಂಗಳಾಯಿತು. ನಾಳೆ ಬೆಳಿಗ್ಗೆ ಲಾರಿ ಬರುತ್ತದೆ. ಲೇತು, ಡ್ರಿಲ್ಲಿಂಗ್ ಮಷೀನು, ಪೈಪು ಬಿಗಿಯುವ ಎರಡು ವೈಸು, ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಅರಗಳು, ಗರಗಸಗಳು, ಎಲ್ಲ ಯಾರದೋ ಮನೆ ಸೇರುತ್ತವೆ. ಮೊಳೆಗಳು ಮಾತ್ರ ಗೋಡೆಯಲ್ಲಿ ಉಳಿಯುತ್ತವೆ. ಲೇತು ನಡೆಸುತ್ತಿದ್ದ ಗೊಣಗಪ್ಪ ಗೇಟು ಮಾಡುವವರ ಹತ್ತಿರ ಸೇರಿಕೊಂಡ. ಇಪ್ಪತ್ತು ವರ್ಷ ಅವನ ಗೊಣಗಾಟಕ್ಕೆ ಶಾಪ ಹಾಕಿದ್ದೆ, ಈಗ ಮಧ್ಯಾಹ್ನದ ಹೊತ್ತು ಅದೂ ಇಲ್ಲದೆ ಕಿವಿ ಭಣಭಣ ಎನ್ನುತ್ತದೆ. ನಿನ್ನ ಅಮ್ಮ ಹೋದಾಗಲೂ ಆ ಯಂತ್ರಗಳು ಮೂರನೇ ದಿನಕ್ಕೆ ತಿರುಗಿದ್ದವು. ಈ ಸಲ, ನೀನು ಹೋದ ಮೇಲೆ, ತಿರುಗಲಿಲ್ಲ.

ಇನ್ನು ಆ ವಾಕರ್‌ಗಳ ವಿಷಯ. ಬರೆಯಬಾರದು ಎಂದುಕೊಂಡೇ ಹಿಂದಿನ ಕಾಗದದ ತುಂಬ ನನ್ನ ಮೊಣಕಾಲಿನ ಪುರಾಣ ಬರೆದೆ. ಇವತ್ತು ಬರೆಯುತ್ತೇನೆ. ಕಾಲಲ್ಲಿ ಬಲವಿಲ್ಲದ ಮುದುಕರಿಗೆ ಆಸರೆಯಾಗುವ ಆ ನಾಲ್ಕು ಕಾಲಿನ ಚೌಕಟ್ಟು ನಲವತ್ತು ಬೇಕೆಂದು ವೃದ್ಧಾಶ್ರಮದವರು ಕೇಳಿದಾಗ ನಿನ್ನ ಅಪ್ಪನಿಗೆ ಇದ್ದ ತಲೆನೋವು ಒಂದೇ. ಪೈಪಿಗೆ ತೂತು ಕೊರೆದರೆ ಆಚೆ ಬದಿಯಲ್ಲಿ ಕಬ್ಬಿಣ ಸಿಬಿರೆದ್ದು ನಿಲ್ಲುತ್ತದೆ. ನೀವು ಬರ್ರು ಎನ್ನುತ್ತೀರಿ, ನನಗೆ ಅದು ಸಿಬಿರೇ. ಅದನ್ನು ತೆಗೆಯಲು ಪ್ರತಿ ಪೈಪನ್ನೂ ವೈಸಿನಿಂದ ಬಿಚ್ಚಬೇಕು, ತಿರುಗಿಸಬೇಕು, ಮತ್ತೆ ಬಿಗಿದು ಅರ ಹಾಕಬೇಕು. ಆಗ ನೀನು ನನ್ನ ಮುರಿದ ಕೊಡೆ ಬಿಚ್ಚಿಕೊಂಡು ಕೂತೆ. ಕೊಡೆಯ ಕಡ್ಡಿಯಲ್ಲಿ ಒಂದು ಪುಟ್ಟ ತಗಡಿನ ನಾಲಿಗೆ ಇರುತ್ತದಲ್ಲ, ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ. ಅದನ್ನೇ ಉಕ್ಕಿನಲ್ಲಿ ಮಾಡಿ ಅಲಗು ಹಚ್ಚಿದೆ. ಹಿಡಿ ಹಿಡಿದು ತೂತಿನೊಳಗೆ ತೂರಿಸಿದರೆ ನಾಲಿಗೆ ಮಡಚಿಕೊಂಡು ಹೋಗುತ್ತದೆ, ಆಚೆ ಬದಿಯಲ್ಲಿ ಟಕ್ ಎಂದು ಬಿಚ್ಚಿಕೊಳ್ಳುತ್ತದೆ, ತಿರುಗಿಸುತ್ತಾ ಹಿಂದಕ್ಕೆಳೆದರೆ ಸಿಬಿರನ್ನು ಹೆರೆದುಕೊಂಡು ಬರುತ್ತದೆ. ಪೈಪು ಇದ್ದಲ್ಲೇ ಇರುತ್ತದೆ. ಗೊಣಗಪ್ಪ ಕೂಡ ಅವತ್ತು ಗೊಣಗಲಿಲ್ಲ. ನಿನ್ನ ಅಪ್ಪ ಬಾಯಿ ಬಿಟ್ಟು ಹೊಗಳುವವನಲ್ಲ, ಆದರೆ ಎರಡು ಸಲ ತಾನೇ ಕೇಳಿ ಇಸಿದುಕೊಂಡು ಎಳೆದು ನೋಡಿದ. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ.

ಆಮೇಲೆ ನನ್ನ ಕೆಲಸ. ನಮ್ಮ ವರ್ಕ್‌ಶಾಪಿನಿಂದ ಏನೇ ಹೊರಗೆ ಹೋಗಲಿ, ಅದರ ತೂತುಗಳ ಅಂಚಿನ ಮೇಲೆ ನನ್ನ ಹೆಬ್ಬೆಟ್ಟು ಆಡಬೇಕು, ನಾನು ಸೈ ಎನ್ನಬೇಕು. ನಿನ್ನ ತಾತನ ಕಾಲದಿಂದ ಅದು ಹಾಗೆ. ಸೀಲು ಒತ್ತುವ ಆಫೀಸರನ ಹಾಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಮಗಳೇ, ಆ ಹೆಬ್ಬೆಟ್ಟು ಸತ್ತು ಆಗಲೇ ಆರು ತಿಂಗಳಾಗಿತ್ತು. ಒಂದು ದಿನ ಒಲೆಯ ಮೇಲಿನ ಪಾತ್ರೆ ಇಳಿಸುವಾಗ ಚರ್ಮ ಸುಟ್ಟ ವಾಸನೆ ಮೊದಲು ಬಂತು, ಉರಿ ಬರಲೇ ಇಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅಜ್ಜಿ ನೀನು ಒಳಗೆ ಕೂತು ವಿಶ್ರಾಂತಿ ತಗೋ ಎನ್ನುತ್ತಿದ್ದಿರಿ. ಒಳಗೆ ಕೂತವರನ್ನು ನಾನು ನೋಡಿದ್ದೇನೆ. ಊಟಕ್ಕೆ ಮಾತ್ರ ಅವರ ನೆನಪಾಗುತ್ತದೆ. ಅದಕ್ಕೇ ನಲವತ್ತು ವಾಕರ್‌ನ ತೂತುಗಳ ಮೇಲೆ ಮರದ ತುಂಡಿನಂಥ ಬೆರಳು ಆಡಿಸಿ ಸೈ ಸೈ ಎಂದೆ.

ಯಾರೋ ಹಿರಿಯರ ಅಂಗೈ ಸೀಳಿ, ಗಾಯ ಕೀವಾಗಿ, ನಲವತ್ತೂ ವಾಪಸು ಬಂದ ದಿನ ನಿನ್ನ ಅಪ್ಪ ಆಡಿದ್ದು ನಿನಗೂ ನೆನಪಿರಬಹುದು, ನನಗಂತೂ ಹೋಗುವುದಿಲ್ಲ. ನೀನು ನನ್ನ ಕಡೆ ತಿರುಗಿ, "ಅಜ್ಜಿ, ನೀನೇ ನೋಡಿದ್ಯಲ್ಲ, ಸಿಬಿರು ಇತ್ತಾ?" ಎಂದು ಕೇಳಿದೆ. "ನಾನು ನೋಡಿದ್ದೆಲ್ಲ ಸರಿಯಾಗೇ ಇತ್ತು" ಎಂದೆ. ಅಷ್ಟೇ ಅಂದದ್ದು. ಅದರ ಅರ್ಥ ಏನಾಗುತ್ತದೆಂದು ನಾನು ಯೋಚಿಸುವುದರೊಳಗೆ ಅವನು ಯೋಚಿಸಿಯಾಗಿತ್ತು. "ಹಾಗಾದ್ರೆ ಅಜ್ಜಿಗೆ ತೋರಿಸ್ದೇ ಕಳಿಸಿದ್ದೀಯ. ಉಪಕರಣ ಮಾಡೋ ಕೈ ಅಲ್ಲ ನಿಂದು, ಹೋಗು, ಕೊಡೆ ರಿಪೇರಿ ಮಾಡು" ಎಂದು ನಿನ್ನ ಸಾಧನವನ್ನು ಗುಜರಿ ಡಬ್ಬಕ್ಕೆ ಎಸೆದ. ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ಊರೆಲ್ಲ ಹೆದರುವ ನನ್ನ ಈ ನಾಲಿಗೆ ಅವತ್ತು ಎಲ್ಲಿ ಹೋಗಿತ್ತೋ. ಸಂಜೆಯ ಹೊತ್ತಿಗೆ ನೀನು ಇರಲಿಲ್ಲ.

ವಾರದ ಮೇಲೆ ಗೊಣಗಪ್ಪ ಆ ಡಬ್ಬದಿಂದ ಅದನ್ನು ಹೆಕ್ಕಿ ಬೆಳಕಿಗೆ ಹಿಡಿದ. ಅಲಗಿನ ಮೂಲೆಯಲ್ಲಿ ಸಾಸಿವೆಯಷ್ಟು ಚೂರು ಹಾರಿತ್ತು. ಅಲಗು ಬದಲಾಯಿಸಿದರೆ ಐದು ನಿಮಿಷದ ಕೆಲಸ, ನೀವು ಸೈ ಅಂದ್ರಿ ಅಂತ ಯಾರೂ ನೋಡಲಿಲ್ಲವಲ್ಲ ಅಮ್ಮ ಎಂದು ನನ್ನನ್ನೇ ನೋಡಿದ. ನಿನ್ನ ಕೆಲಸ ನೀನು ನೋಡಿಕೋ ಎಂದು ಗದರಿ ಕಳಿಸಿದೆ. ನಿನ್ನ ಸಾಧನದಲ್ಲಿ ತಪ್ಪಿರಲಿಲ್ಲ. ಅಲಗು ಎಂದ ಮೇಲೆ ಮೊಂಡಾಗುತ್ತದೆ, ಮುರಿಯುತ್ತದೆ. ಅದನ್ನು ಹೇಳಬೇಕಾದ ಬೆರಳು ನನ್ನದು. ನೀನು ಎಲ್ಲೋ ಕೂತು, ನನ್ನ ಕೈಯಿಂದ ಒಬ್ಬರ ಕೈ ಹಾಳಾಯಿತು ಎಂದುಕೊಂಡು ಪೆನ್ಸಿಲ್ಲು ಮುಟ್ಟುವುದನ್ನೇ ಬಿಟ್ಟಿರುತ್ತೀಯ. ನಿನ್ನನ್ನು ನಾನು ಬಲ್ಲೆ. ಹಾಗೆ ಬಿಡಬೇಡ ಎಂದು ಹೇಳಲು ನನಗೆ ಯಾವ ಬಾಯಿದೆ, ಆದರೂ ಹೇಳುತ್ತಿದ್ದೇನೆ. ಇದನ್ನು ನಿನ್ನ ಅಪ್ಪನಿಗೆ ಇನ್ನೂ ಹೇಳಿಲ್ಲ. ದಿನವೂ ಅನ್ನ ಬಡಿಸುವಾಗ ಬಾಯಿ ತೆರೆಯುತ್ತೇನೆ, ಉಪ್ಪು ಬೇಕಾ ಎಂದು ಕೇಳುತ್ತೇನೆ.

ಎಲ್ಲಿದ್ದರೂ ನಿನ್ನ ಹತ್ತು ಬೆರಳೂ ನೆಟ್ಟಗಿರಲಿ, ಮುಟ್ಟಿದ್ದು ತಿಳಿಯುವ ಹಾಗಿರಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನ್ನ ಹತ್ತಿರ ಉಳಿದಿಲ್ಲ.

ನಿನ್ನ
ಅಜ್ಜಿ

ಮತ್ತೆ ಸೇರಿಸಿದ್ದು: ಕಾಗದ ಮಡಿಸುವಾಗ ನಿನ್ನ ಅಪ್ಪ ಒಳಗೆ ಬಂದ. ಏನು ಬರೀತಿದ್ದೀಯ ಎಂದ. ಹೇಳಿಬಿಟ್ಟೆ, ಎಲ್ಲ. ಬೈಯಲಿಲ್ಲ. ಪೈಪಿನ ಮೇಲೆ ಗೆರೆ ಗೀರುವ ಚೂಪು ಕಡ್ಡಿ ಜೇಬಿನಲ್ಲಿತ್ತು, ಆ ಕಡೆ ನೋಡು ಎಂದು ನನ್ನ ಹೆಬ್ಬೆಟ್ಟು ಹಿಡಿದುಕೊಂಡ. ಯಾವಾಗ ಚುಚ್ಚುತ್ತೀಯ ಎಂದು ನಾನು ಕೇಳುವ ಹೊತ್ತಿಗೆ ರಕ್ತ ಬಂದಿತ್ತು. ಮೇಲಿನ ಮೂಲೆಯ ಕಲೆ ಅದೇ, ಹೆದರಬೇಡ. ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. "ವಿಳಾಸ ಕೊಡಮ್ಮ, ನಾನೇ ಹೋಗಿ ಕರ್ಕೊಂಡು ಬರ್ತೀನಿ" ಎಂದ. ನನ್ನ ಹತ್ತಿರ ಇರುವುದು ಈ ಲಕೋಟೆಯ ಮೇಲಿನದೊಂದೇ, ಇದನ್ನೇ ಬರೆದುಕೊಟ್ಟೆ. ಈಗ ಹೊರಡಲು ಬೇರೆ ಅಂಗಿ ಹಾಕಿಕೊಳ್ಳುತ್ತಿದ್ದಾನೆ. ಹಿಂದಿನ ಕಾಗದ ಈ ವಿಳಾಸದಿಂದ ಯಾರೂ ಇಲ್ಲ ಎಂದು ವಾಪಸು ಬಂದಿತ್ತು. ಅದನ್ನು ಮಾತ್ರ ಅವನಿಗೆ ಹೇಳಲಿಲ್ಲ.