ಯಾರ ಕೈಗೆ ಕೊಡುವುದು

ಕೆಳಗಿನ ಕೋಣೆ, ಮಕ್ಕಳು ಮಲಗಿರುವ ಹೊತ್ತು
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಕೆಮ್ಮು ಕಡಿಮೆಯಾಯಿತೇ? ಹೋದ ತಿಂಗಳು ಪುಟ್ಟಿಯನ್ನು ಕರೆದುಕೊಂಡು ಹೋಗಲು ಬಂದಾಗ ನಿನಗೆ ಮಾತಿಗಿಂತ ಕೆಮ್ಮೇ ಹೆಚ್ಚಾಗಿತ್ತು. ಸೊಸೆಗೆ ಒಂದು ಲೋಟ ಬಿಸಿನೀರು ಕೂಡ ಕೊಡದೆ, "ನಿನ್ನ ಗಂಡನ್ನ ಒಂದು ಮಾತು ಕೇಳಿ ಹೇಳ್ತೀನಮ್ಮ" ಎಂದು ಬಾಗಿಲಿನಿಂದಲೇ ಕಳಿಸಿದೆನಲ್ಲ, ಆವತ್ತಿನಿಂದ ಊಟ ರುಚಿಸುತ್ತಿಲ್ಲ. ಪುಟ್ಟಿ ಚೆನ್ನಾಗಿದ್ದಾಳೆ. ಶೂ ಲೇಸು ತಾನೇ ಕಟ್ಟಿಕೊಳ್ಳುತ್ತೇನೆಂದು ಅರ್ಧ ಗಂಟೆ ಮೆಟ್ಟಿಲ ಮೇಲೆ ಕೂರುತ್ತಾಳೆ. ಆ ಹಟ ಯಾರದ್ದೆಂದು ನಿನಗೂ ಗೊತ್ತು, ನನಗೂ ಗೊತ್ತು. ಅಮ್ಮ ಯಾವಾಗ ಬರ್ತಾಳೆ ಎಂದು ನನ್ನನ್ನು ಕೇಳುತ್ತಾಳೆ, ಅವಳಪ್ಪನನ್ನು ಕೇಳುವುದಿಲ್ಲ. ನಾಲ್ಕು ವರ್ಷದ ಮಗುವಿಗೆ ಇಷ್ಟು ಲೆಕ್ಕಾಚಾರ ಯಾರು ಕಲಿಸಿದರೋ.

ನನ್ನದೊಂದು ಹೊಸ ಹುಚ್ಚು ಕೇಳು. ತಪಾಸಣೆಗೆ ಬಂದ ಮೇಡಂ, ಶಿಶುಪಾಲನಾ ಕೇಂದ್ರದ ಪರವಾನಗಿ ಮುಂದುವರಿಯಬೇಕಾದರೆ ಮಕ್ಕಳ ಮನೆಯವರಿಗೆಲ್ಲ ಲಿಖಿತ ನಿಯಮ ಕೊಡಬೇಕು ಎಂದರು. ಹದಿನೆಂಟು ವರ್ಷದಿಂದ ಮಕ್ಕಳನ್ನು ನೋಡಿಕೊಳ್ಳುತ್ತಿರುವ ನನಗೆ ಕಾಗದ ಯಾಕೆಂದು ಮೊದಲು ಮೂಗು ಮುರಿದೆ. ಸೋಮಾರಿತನಕ್ಕೆ ಬೇರೆ ಯಾವುದೋ ಕೇಂದ್ರದ ನಿಯಮವನ್ನು ಹಾಗೇ ನಕಲು ಮಾಡಿ ಕೊಟ್ಟೆ. ಮೇಡಂ ಓದುತ್ತಾ ಓದುತ್ತಾ, "ನಿಮ್ಮ ಈಜುಕೊಳ ಎಲ್ಲಿದೆ, ಸ್ವಲ್ಪ ತೋರಿಸಿ" ಎಂದರು. ನಮ್ಮಲ್ಲಿರುವುದು ಬಚ್ಚಲಿನ ನೀಲಿ ಬಕೆಟ್. ನಾಚಿಕೆಯಿಂದ ಹೊಸದಾಗಿ ಬರೆಯಲು ಕೂತೆ ನೋಡು, ಆಮೇಲೆ ಏಳಲು ಮನಸ್ಸೇ ಬರಲಿಲ್ಲ. ಮೈ ಬೆಚ್ಚಗಿದ್ದರೆ ಮಗುವನ್ನು ಕಳಿಸಬೇಡಿ ಎಂದು ಬರೆದರೆ, "ಯಾರ ಕೈಗೆ ಬೆಚ್ಚಗೆ?" ಎಂದರು ಮೇಡಂ. ಹೌದಲ್ಲ, ಕೆಲಸಕ್ಕೆ ಹೊರಟ ತಾಯಿಯ ಕೈಗೆ ಯಾವ ಜ್ವರವೂ ತಾಕುವುದಿಲ್ಲ. ಒಂದು ಮಗು ಇನ್ನೊಂದನ್ನು ಕಚ್ಚಿದರೆ ಕಚ್ಚಿದ ಮಗುವಿನ ಹೆಸರು ಹೇಳಬೇಕೋ ಬೇಡವೋ? ಇಷ್ಟು ವರ್ಷ ನಾನು ಹೇಳಿಲ್ಲ, ಆದರೂ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿರುತ್ತಿತ್ತು. ಹೇಗೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಒಂದೊಂದು ಸಾಲು ಬರೆದಾಗಲೂ, ನಾನು ದಿನಾ ಮಾಡುವ ಕೆಲಸ ನನಗೇ ಹೊಸದಾಗಿ ಕಾಣುತ್ತದೆ.

ಕೊನೆಗೆ ಉಳಿದದ್ದು, ಸಂಜೆ ಮಗುವನ್ನು ಯಾರ ಕೈಗೆ ಕೊಡುವುದು ಎಂಬ ನಿಯಮ. ಗುರುತು ಪರಿಚಯ ಇದ್ದವರಿಗೆ ಎಂದು ಬರೆದಿದ್ದೆ. "ಪರಿಚಯ ಇದ್ದೂ ಕೊಡದೆ ಕಳಿಸಿದ್ದು ಇದೆಯಾ?" ಎಂದು ಮೇಡಂ ಸುಮ್ಮನೆ ಕೇಳಿದರು. ಬೇರೆ ಯಾರದ್ದೋ ಮನೆಯ ಕಥೆ ಎಂಬಂತೆ ನಿನ್ನ ವಿಷಯ ಹೇಳಿದೆ. ಗಂಡ ಹೆಂಡತಿಗೆ ಜಗಳ, ಹೆಂಡತಿ ಬೇರೆ ಊರಲ್ಲಿ ಕೆಲಸಕ್ಕೆ ಸೇರಿದ್ದಾಳೆ, ನನ್ನನ್ನು ಕೇಳದೆ ಮಗು ಕೊಡಬೇಡಿ ಎಂದು ಗಂಡ ಹೇಳಿದ್ದಾನೆ ಎಂದೆ. "ಕೋರ್ಟಿನ ಕಾಗದ ಇದೆಯಾ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ಮಗುವಿನ ಅಮ್ಮನ್ನ ತಡೆಯೋಕೆ ನೀವು ಯಾರು?" ಎಂದರು. ಅಜ್ಜಿ ಎಂದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ತಪ್ಪಾಯಿತು ಮಗಳೇ. ಮಗನ ಮೇಲಿನ ಮೋಹಕ್ಕೆ ನಿನಗೆ ಅನ್ಯಾಯ ಮಾಡಿದೆ.

ಅಂದೇ ಬರೆದೆ: "ತಂದೆ ತಾಯಿಯರ ಜಗಳದಲ್ಲಿ ಕೇಂದ್ರ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಕೋರ್ಟಿನ ಆದೇಶ ತೋರಿಸದ ಹೊರತು ಇಬ್ಬರಲ್ಲಿ ಯಾರು ಬಂದರೂ ಮಗುವನ್ನು ಕಳಿಸಿಕೊಡಲಾಗುವುದು." ನಿನ್ನ ಗಂಡ ಓದಿ, "ಇದು ನನಗೇ ಅಂತ ಬರೆದದ್ದಾ?" ಎಂದ. ಮಕ್ಕಳನ್ನು ಕಳಿಸುವ ಹದಿನಾಲ್ಕು ಮನೆಗೂ ಎಂದೆ. ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ, "ಅವಳ ಕೆಮ್ಮು ಹೇಗಿದೆ?" ಎಂದು ಕೇಳಿ ನಿಯಮದ ಫಾರಂಗೆ ಸಹಿ ಹಾಕಿದ. ನನಗೂ ಗೊತ್ತಿಲ್ಲ ಎಂದೆ. ಅವನ ಮನಸ್ಸಿನಲ್ಲಿ ಏನಿದೆಯೋ ಕಾಣೆ, ನಿಮ್ಮಿಬ್ಬರ ವಿಷಯದಲ್ಲಿ ನಾನು ಮೂಗು ತೂರಿಸುವುದಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಎಂದು ದಿನವೂ ಬಯಸುವ,

ನಿನ್ನ ಅತ್ತೆ

ತಾ.ಕ.: ಮಕ್ಕಳು ಏಳುತ್ತಿದ್ದಾರೆ, ಬೇಗ ಬರೆಯುತ್ತೇನೆ. ಪುಟ್ಟಿಯ ಫಾರಂನಲ್ಲಿ ತಾಯಿ ಸಹಿ ಹಾಕುವ ಜಾಗ ಖಾಲಿ ಇದೆ. ಶುಕ್ರವಾರ ಐದೂವರೆಗೆ ಬಾ, ಎರಡು ದಿನ ಅವಳನ್ನು ಕರೆದುಕೊಂಡು ಹೋಗು, ಬಟ್ಟೆ ಚೀಲ ಕಟ್ಟಿಟ್ಟಿರುತ್ತೇನೆ. ಫಾರಂ ಅಂಚೆಯಲ್ಲಿ ಕಳಿಸಿ ಎಂದು ಮಾತ್ರ ಕೇಳಬೇಡ. ತಾಯಿ ಖುದ್ದಾಗಿ ಬಂದೇ ಸಹಿ ಹಾಕಬೇಕು ಎಂಬ ನಿಯಮವನ್ನು ಇವತ್ತು ಬೆಳಿಗ್ಗೆ ಸೇರಿಸಿದ್ದೇನೆ.